"ಕ್ರಮವಾಗಿ" ಯಾರ ಪಾಠದಾಗ ಬರ್ತದ?

24 ಆಗಸ್ಟ್ 2024, ಶನಿವಾರ
ಗದಗ

ಮುಂಜಾನೆ ಸಾಲಿ, ಹಾಜರಿ ಭಾಳ ಕಡಿಮಿ. ಊರಾಗ ಹೆಸರುಕಾಳಿನ ರಾಶಿ, ಅಂದ್ರ ಒಕ್ಕೋ ಕೆಲಸ ನಡದೈತಿ, ಮಳಿ ಒಂದೀಟು ಬಿಡುವು ಕೊಟ್ಟೈತಿ ಅಂತ ಎಲ್ಲಾರೂ ಹೊಲದಾಗ. ಬಂದಷ್ಟ ಹುಡುಗ್ರನ್ನ ಇಟ್ಕೊಂಡು ಹೊಸಾ ಪಾಠ ಸುರು ಮಾಡಿದ್ರ ಉಳದವ್ರಿಗೆ ಮತ್ತ ಹೇಳಬೇಕಾಗ್ತದ, ಅದಕ್ಕ ಒಂಬತ್ತನೇತ್ತಾದ ಟೆಸ್ಟ್ ಪೇಪರ್ ಕೊಟ್ಟು ತಪ್ಪಾದ ಪ್ರಶ್ನೆ ಒಂದೊಂದ ಜೋರಾಗಿ ಓದ್ಸಿದೆ.

ಪ್ರಶ್ನೆ ಹಿಂಗಿತ್ತು: "ಎ ಮತ್ತು ಬಿ ವಸ್ತುಗಳ ದ್ರವ್ಯರಾಶಿ ಕ್ರಮವಾಗಿ 2 ಕೆಜಿ ಮತ್ತು 5 ಕೆಜಿ. ಎರಡರ ಮೇಲೂ 10 ನ್ಯೂಟನ್ ಬಲ ಪ್ರಯೋಗಿಸಿದರೆ ಯಾವುದರ ವೇಗೋತ್ಕರ್ಷ ಹೆಚ್ಚು? ಸಮರ್ಥಿಸಿ." ಒಬ್ಬ ಹುಡುಗ ಬರೇ ಸೂತ್ರ ಬರ್ದು ಬಿಟ್ಟಿದ್ದ. ಯಾಕಪಾ ಅಂದೆ, ಸುಮ್ನ ನಿಂತ. ಅದನ್ನ ಬಾಯಿಲೆ ಕೇಳ್ದೆ, ಎ ಅನ್ನೋದು ಎರಡು ಕಿಲೋ, ಬಿ ಅನ್ನೋದು ಐದು ಕಿಲೋ, ಎರಡನ್ನೂ ಒಂದ ನಮೂನಿ ದಬ್ಬಿದ್ರ ಯಾವುದು ಲಗೂ ವೇಗ ಹಿಡೀತದ? ತಟ್ಟನೆ "ಹಗರ ಇದ್ದದ್ದರೀ" ಅಂದ, ಬೋರ್ಡಿಗೆ ಬಂದು ಹತ್ತನ್ನ ಎರಡರಿಂದ ಭಾಗ್ಸಿ ಐದು, ಐದರಿಂದ ಭಾಗ್ಸಿ ಎರಡು ಅಂತ ತೆಗದೂ ತೋರ್ಸಿದ. ಅಂದ್ರ ವಿಜ್ಞಾನ ಅವಂಗ ಬರ್ತದ. ಅಂವ ನಿಂತಿದ್ದು "ಕ್ರಮವಾಗಿ" ಅನ್ನೋ ಶಬ್ದಕ್ಕ, 2 ಯಾವುದರದು 5 ಯಾವುದರದು ಅನ್ನೋದ ಅವಂಗ ಗೊತ್ತಾಗಿರ್ಲಿಲ್ಲ. "ಸಮರ್ಥಿಸಿ" ಅಂದ್ರ ಇನ್ನೊಮ್ಮೆ ಬರೀರಿ ಅಂತ ತಿಳ್ಕೊಂಡಿದ್ದ.

ಕ್ಲಾಸಿನಾಗ ಉಳದವ್ರನ್ನೂ ಕೇಳ್ದೆ. ವೇಗೋತ್ಕರ್ಷ ಅಂದ್ರೇನು ಅಂತ ಬಹುತೇಕ ಎಲ್ಲಾರೂ ಹೇಳಿದ್ರು, ಕ್ರಮವಾಗಿ ಅಂದ್ರೇನು ಅಂದ್ರ ಒಬ್ರ ಮುಖ ಒಬ್ರು ನೋಡಿದ್ರು. ಇದರಾಗ ಆಶ್ಚರ್ಯ ಏನಿಲ್ಲ ಅಂತ ನನಗ ಅನಸ್ತದ, ಯಾಕಂದ್ರ ವೇಗೋತ್ಕರ್ಷವನ್ನ ನಾವು ಬೋರ್ಡ್ ಮ್ಯಾಲೆ ದಪ್ಪಗ ಬರೀತೇವಿ, ಗೆರಿ ಹೊಡಿತೇವಿ, ಹೊಳ್ಳಿ ಹೊಳ್ಳಿ ಕೇಳ್ತೇವಿ, ಅದು ವಿಜ್ಞಾನ ಮಾಸ್ತರನ ಆಸ್ತಿ. ಆದ್ರ ಕ್ರಮವಾಗಿ, ಅವಲಂಬಿಸಿದೆ, ಪರಸ್ಪರ, ಹೊರತುಪಡಿಸಿ, ಸಮರ್ಥಿಸಿ, ಇವು ಗಣಿತದಾಗೂ ಅದಾವು, ವಿಜ್ಞಾನದಾಗೂ ಅದಾವು, ಸಮಾಜದಾಗೂ ಅದಾವು, ಆದ್ರ ಇದು ನಂದು ಅಂತ ಹೇಳಿ ಕಲಸವ್ರು ಯಾರೂ ಇಲ್ಲ. ಕನ್ನಡ ಮೇಡಮ್ಮರ ಪಠ್ಯದಾಗ ಪದ್ಯ ಗದ್ಯದ ಕಠಿಣ ಪದ ಇರ್ತಾವು, ಇವು ಅಲ್ಲೂ ಬರಂಗಿಲ್ಲ. ಐಸಬೆಲ್ ಬೆಕ್, ಮಾರ್ಗರೆಟ್ ಮೆಕ್ಯೋನ್ ಅಂತ ಅಮೆರಿಕಾದ ಸಂಶೋಧಕರು ಶಬ್ದಗಳನ್ನ ಮೂರು ಹಂತ ಮಾಡ್ಯಾರ. ಒಂದನೇದು ಮನ್ಯಾಗ ಆಡೋ ಮಾತು, ಮೂರನೇದು ಆಯಾ ವಿಷಯದ ಪಾರಿಭಾಷಿಕ ಪದ, ನಡುವಿನ ಎರಡನೇ ಹಂತದ್ದು ಎಲ್ಲಾ ವಿಷಯದ ಪುಸ್ತಕದಾಗೂ ಬರೋ, ಆದ್ರ ಮನ್ಯಾಗ ಯಾರೂ ಆಡದ ಶಬ್ದ. ಕಲಸೋ ಶ್ರಮ ಈ ನಡುವಿನ ಹಂತಕ್ಕ ಹೆಚ್ಚು ಹಾಕ್ರಿ ಅಂತ ಅವರ ವಾದ, ನನಗ ಅದು ಖರೇ ಅನಸ್ತದ, ನಮ್ಮ ಹಳ್ಳಿ ಸಾಲಿಗಂತೂ ಇನ್ನೂ ಖರೇ.

ಸಾಲಿ ಬಿಟ್ಟ ಮ್ಯಾಲೆ ಸ್ಟಾಫ್‌ರೂಮಿನಾಗ ಇದ ಮಾತು ತೆಗದೆ. ಸಮಾಜ ಸರ್ ಒಂದು ಚಲೋ ಮಾತು ಹೇಳಿದ್ರು, ಹುಡುಗ್ರು "ಸಂವಿಧಾನದ ಪ್ರಮುಖ ಅಂಶಗಳು" ಅಂದಾಗ ಗೊಂದಲ ಆಗ್ತಾರ, ಯಾಕಂದ್ರ ಗಣಿತದಾಗ ಭಿನ್ನರಾಶಿಯ ಗೆರಿ ಮ್ಯಾಲೆ ಇರೋ ಸಂಖ್ಯೆನೂ ಅಂಶ, ನಾ ಕಲಸೋ ವಿಜ್ಞಾನದಾಗ ಪೋಷಕಾಂಶ. ಗಣಿತ ಸರ್ ಅಂದ್ರು, ನಮ್ಮಲ್ಲಿ ಶ್ರೇಢಿಯ, ಅಂದ್ರ 2, 4, 6 ಹಂಗ ನಿಯಮದಿಂದ ಬರೋ ಸಾಲಿನ, ಒಂದೊಂದು ಸಂಖ್ಯೆನೂ ಪದ, ಕನ್ನಡ ಪೀರಿಯಡ್‌ನಾಗ ಪದ ಅಂದ್ರ ಶಬ್ದ, ಜಾತ್ರ್ಯಾಗ ಹಾಡೋದೂ ಪದ. ಹಿಂಗ ಒಂದ ಶಬ್ದ ಬಾಗಲಾ ದಾಟಿ ಇನ್ನೊಂದು ಪೀರಿಯಡ್‌ಗೆ ಹೋದಾಗ ಬ್ಯಾರೆ ಕೆಲಸ ಮಾಡ್ತದ, ಅದನ್ನ ನಾವ ಬಾಯಿ ಬಿಟ್ಟು ಹೇಳಬೇಕು, ಹುಡುಗ್ರು ತಾವ ತಿಳ್ಕೋತಾರ ಅಂತ ಬಿಡಬಾರ್ದು.

ನಿಘಂಟು ನೋಡಿ ಅರ್ಥ ಬರ್ಕೊಂಡು ಬರ್ರಿ ಅನ್ನೋ ಪದ್ಧತಿ ಬಗ್ಗೆ ನನಗ ಮೊದಲಿಂದಾನೂ ಸಮಾಧಾನ ಇಲ್ಲ. "ಅವಲಂಬಿಸು ಅಂದರೆ ಆಶ್ರಯಿಸು" ಅಂತ ನೋಟ್‌ಬುಕ್ ತುಂಬಸ್ತಾರ, ಆ ಕೂಸಿಗೆ ಎರಡೂ ಗೊತ್ತಿಲ್ಲ. ಅದರ ಬದ್ಲಿ ನಾಲ್ಕು ಚೌಕದ ಹಾಳಿ ಭಾಳ ಚಲೋ, ವಿಸ್ಕಾನ್ಸಿನ್ ಯೂನಿವರ್ಸಿಟಿಯ ಡೊರೊಥಿ ಫ್ರೇಯರ್ ಮತ್ತವರ ಜೋಡಿದವ್ರು 1969ರಾಗ ಮಾಡಿದ ಮಾದರಿ ಅದು. ನಡಕ ಶಬ್ದ, ಸುತ್ತ ನಾಲ್ಕು ಮನಿ: ನಿನ್ನ ಮಾತಿನಾಗ ಅರ್ಥ, ಅದರ ಲಕ್ಷಣ, ಉದಾಹರಣೆ, ಮತ್ತ ಉದಾಹರಣೆ ಅಲ್ಲದ್ದು. ಈ ಕಡೀ ಮನಿಯಾಗ ಎಲ್ಲಾ ತೂಕ ಐತಿ, ಒಂದು ಶಬ್ದ ಎಲ್ಲಿಗೆ ನಿಲ್ತದ ಅನ್ನೋದು ಅಲ್ಲದ್ದನ್ನ ಹೇಳಿದಾಗಷ್ಟ ಗೊತ್ತಾಗ್ತದ.

ನಿನ್ನೆ ದ್ರವ್ಯರಾಶಿಗೆ ಇದನ್ನ ಮಾಡಿದೆ. ಉದಾಹರಣೆ ಅಲ್ಲದ್ದು ಅನ್ನೋ ಮನಿಯಾಗ ಏನು ಬರೀಬೇಕು ಅಂತ ಯಾರಿಗೂ ತಿಳೀಲಿಲ್ಲ, ಆಗ ರಾಶಿ ಮಾಡೋ ಮನಿತನದ ಹುಡುಗಿ ಒಬ್ಬಾಕಿನ್ನ ಕೇಳ್ದೆ, ನಿಮ್ಮ ಹೆಸರುಕಾಳು ಒಂದು ಕ್ವಿಂಟಲ್ ಆತು ಅಂತ ತಿಳ್ಕೊ, ಅದರ ತೂಕ ಎಷ್ಟವ್ವಾ? "ನೂರು ಕೆಜಿರೀ, ಎಪಿಎಂಸಿಯಾಗ ಅಷ್ಟ ಬರ್ತದ." ಅಲ್ಲಿಂದ ಒಂದು ಪೀರಿಯಡ್ ಪೂರ್ತಿ ಹೋತು, ಆದ್ರ ಎಂಥಾ ಪೀರಿಯಡ್! ಅಡತಿ ಅಂಗಡ್ಯಾಗ ತೂಕ ಅಂತ ಕರಿಯೋ ಆ ನೂರು ಕೆಜಿನ ನಮ್ಮ ಪುಸ್ತಕದಾಗ ದ್ರವ್ಯರಾಶಿ, ಅಂದ್ರ ಚೀಲದಾಗ ಕಾಳು ಅಂತ ಎಷ್ಟು ವಸ್ತು ಐತಿ ಅನ್ನೋದು. ಪುಸ್ತಕದ ತೂಕ ಅಂದ್ರ ಭೂಮಿ ಆ ಚೀಲಾನ ಎಷ್ಟು ಬಲದಿಂದ ಎಳಿತದ ಅನ್ನೋದು, ಅದು ನ್ಯೂಟನ್‌ನಾಗ, 100ನ್ನ 9.8ರಿಂದ ಗುಣಸಿದ್ರ 980 ನ್ಯೂಟನ್. ಅದ ಚೀಲ ಚಂದ್ರನ ಮ್ಯಾಲೆ ಒಯ್ದ್ರ ತೂಕ ಆರರಾಗ ಒಂದು ಪಾಲು, ಸುಮಾರು 163 ನ್ಯೂಟನ್, ಆದ್ರ ಕಾಳು ಒಂದೂ ಕಡಿಮಿ ಆಗಿಲ್ಲ, ರಾಶಿ ರಾಶಿನ, ನೂರು ಕೆಜಿನ. ಆ ಹುಡುಗಿ ನಾಲ್ಕನೇ ಮನಿಯಾಗ ತಾನ ಬರದ್ಳು: "980 ನ್ಯೂಟನ್ ದ್ರವ್ಯರಾಶಿ ಅಲ್ಲ, ಅದು ಎಳೆತ." ಎಳೆತ ಅನ್ನೋ ಶಬ್ದ ನಾ ಹೇಳಿಕೊಟ್ಟಿದ್ದಲ್ಲ.

ಅದಕ್ಕ ನನಗ ಅನ್ನಸೋದು, ಮೊದಲು ಹುಡುಗ್ರ ಮಾತಿನಾಗ ವಿಷಯ ಹೊರಗ ಬರ್ಲಿ, ಆಮ್ಯಾಲೆ ಪುಸ್ತಕದ ಶಬ್ದ ಕೊಡೂಣು. ಭೂಗೋಳದಾಗ "ತೇವಾಂಶ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ" ಅಂತ ಕಪ್ಪು ಮಣ್ಣಿನ ಬಗ್ಗೆ ಬರ್ದಿರ್ತಾರ, ಕೂಸು ಅದನ್ನ ಬಾಯಿಪಾಠ ಮಾಡ್ತದ. ಅದ ಕೂಸಿನ್ನ ಎರಿ ಹೊಲದಾಗ ಮಳಿ ಹೋದ ಮ್ಯಾಲೂ ಹಿಂಗಾರಿ ಜೋಳ, ಕಡ್ಲಿ ಹೆಂಗ ಬರ್ತಾವು, ಮಸಾರಿ ಅನ್ನೋ ಕೆಂಪು ಮಣ್ಣಿನ ಹೊಲದಾಗ ಯಾಕ ಬರಂಗಿಲ್ಲ ಅಂತ ಕೇಳ್ರಿ, ಹಸಿ ಹಿಡಕೊಂಡಿರ್ತದ್ರಿ ಅಂತ ಎರಡು ನಿಮಿಷ ಹೇಳ್ತದ. ಆ ಹಸಿಗೆ ಪುಸ್ತಕದಾಗ ತೇವಾಂಶ ಅಂತಾರ ಅಂದ್ರ ಮುಗೀತು, ಮತ್ತ ಮರಿಯಂಗಿಲ್ಲ. ಕಪ್ಪತಗುಡ್ಡದ ಮ್ಯಾಲಿನ ಗಾಳಿ ಫ್ಯಾನ್ ದಿನಾ ನೋಡೋ ಹುಡುಗ್ರಿಗೆ "ನವೀಕರಿಸಬಹುದಾದ ಶಕ್ತಿಮೂಲ" ದೂರದ ಮಾತಾಗಬೇಕಾಗಿಲ್ಲ.

ಇನ್ನೊಂದು ನನಗ ಭಾಳ ಇಷ್ಟದ್ದು, ಶಬ್ದದ ಮನಿತನ ಹುಡುಕೋದು. "ಸಮ" ತಗೊಂಡ್ರ ಗಣಿತದಾಗ ಸಮಬಾಹು, ಸಮಾನಾಂತರ, ಸಮೀಕರಣ, ವಿಜ್ಞಾನದಾಗ ಸಮಸ್ಥಾನಿ, ಭೂಗೋಳದಾಗ ಸಮಭಾಜಕ ವೃತ್ತ, ಸಮಭಾರ ರೇಖೆ, ಪೌರನೀತಿಯಾಗ 14ರಿಂದ 18ನೇ ವಿಧಿ ತನಕ ಇರೋ ಸಮಾನತೆಯ ಹಕ್ಕು. ಹುಡುಗ್ರು ಸಮುದ್ರ, ಸಮಾಜ ಅಂತನೂ ಸೇರಸ್ತಾರ, ಅವು ಈ ಮನಿತನದವಲ್ಲ, ಅವುಗಳ ಮುಂದಿಂದು "ಸಂ" ಅನ್ನೋ ಉಪಸರ್ಗ, ಅಂತ ಬಿಡಿಸಿ ಹೇಳೋದ್ರಾಗನೂ ಪಾಠ ಐತಿ. ಒಂದು ಗೊತ್ತಾದ್ರ ಹತ್ತು ಶಬ್ದದ ಬಾಗಲಾ ತಗೀತದ.

ಇಂಗ್ಲಿಷ್ ಪದದ ಬಗ್ಗೆ ಕನ್ನಡ ಮೇಡಮ್ಮರಿಗೂ ನನಗೂ ಮತ ಕೂಡಂಗಿಲ್ಲ. ಎಂಟನೇತ್ತಾದಿಂದನ ವೇಗೋತ್ಕರ್ಷದ ಬಾಜೂಕ ಆಕ್ಸಲರೇಶನ್, ಪತ್ರಹರಿತ್ತಿನ ಬಾಜೂಕ ಕ್ಲೋರೊಫಿಲ್ ಅಂತ ಬರಸ್ಬೇಕು ಅನ್ನೋದು ನನ್ನ ಹಟ, ಯಾಕಂದ್ರ ಪಿಯುಸಿ ಸೈನ್ಸಿಗೆ ಹೋದ ನಮ್ಮ ಶಾಣ್ಯಾ ಹುಡುಗ್ರು ವಿಷಯ ಗೊತ್ತಿದ್ರೂ ಹೆಸರು ಗೊತ್ತಿಲ್ದ ಹಿಂದಿನ ಬೆಂಚಿಗೆ ಹೋಗಿ ಕೂಡ್ತಾರ, ಅದನ್ನ ನೋಡಾಕ ಆಗಂಗಿಲ್ಲ. ಮೊದಲು ಕನ್ನಡ ಗಟ್ಟಿ ಆಗ್ಲಿ ಅಂತಾರ ಮೇಡಂ. ಎರಡೂ ಕೂಡೇ ಗಟ್ಟಿ ಆಗ್ತಾವು ಅಂತೀನಿ ನಾನು.

ಕಡಿಗೆ ಒಪ್ಪಂದ ಆಗಿದ್ದು ಇಷ್ಟು. ಒಂಬತ್ತನೇತ್ತಾಕ್ಕ ವಾರಕ್ಕ ಐದ ಶಬ್ದ, ಜಾಸ್ತಿ ಬ್ಯಾಡ. ಎಲ್ಲಾ ವಿಷಯದವ್ರೂ ಆ ವಾರ ತಮ್ಮ ಪಾಠದಾಗ ಅವನ್ನ ಬೇಕಂತನ ಬಳಸ್ಬೇಕು, ಹುಡುಗ್ರ ಬಾಯಾಗ ಪೂರಾ ವಾಕ್ಯದಾಗ ಆಡಸ್ಬೇಕು. ಗಣಿತ ಸರ್ ಪೋರ್ಷನ್ ಮುಗಿಯಂಗಿಲ್ಲ ಅಂತ ಸುರುವಿಗೆ ಒಪ್ಪಲಿಲ್ಲ, ಹೊಸಾ ಪೀರಿಯಡ್ ಬ್ಯಾಡ, ನೀವು ಹೆಂಗಿದ್ರೂ ಲೆಕ್ಕ ಓದ್ಸತೀರಲ್ಲಾ, ಆ ಶಬ್ದ ಬಂದಲ್ಲಿ ಅರ್ಧ ನಿಮಿಷ ನಿಲ್ರಿ ಅಂದ ಮ್ಯಾಲೆ ಹೂಂ ಅಂದ್ರು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಾಗನ ತೋರ್ಸ್ಯಾನ, ಒಮ್ಮೆ ಕಲ್ತದ್ದು ಲಗೂನ ಮರೀತೇವಿ, ನಡುನಡುವ ಬಿಟ್ಟು ಬಿಟ್ಟು ಹೊಳ್ಳಿ ನೋಡಿದ್ರ ಉಳೀತದ ಅಂತ. ಹಂಗಾಗಿ ಈ ವಾರದ ಶಬ್ದ ಮುಂದಿನ ವಾರ ಒಮ್ಮೆ, ತಿಂಗಳ ಮ್ಯಾಲೆ ಇನ್ನೊಮ್ಮೆ ಕೇಳೋದು. ಹಳೇ ಕ್ಯಾಲೆಂಡರ್ ಹಾಳಿ ಹಿಂದ ಮಾರ್ಕರ್‌ನಿಂದ ಬರ್ದು ಬಾಗಲ ಹತ್ರ ಹಚ್ಚಿ ಬಂದೇನಿ: ಕ್ರಮವಾಗಿ, ಸಮರ್ಥಿಸಿ, ಅವಲಂಬಿಸು, ಹೊರತುಪಡಿಸಿ, ಅನುಪಾತ. ರಾಶಿ ಮುಗಿಸಿ ಬರೋ ಹುಡುಗ್ರಿಗೂ ಇವ ಐದು, ಅವರು ಬರೋತನಕ ಹಾಳಿ ಬದಲ್ಸೋದಿಲ್ಲ.