ಕ್ಲಾಡಿನ್ ವಯಲ್ ತೆರೆಯುವ ಮೊದಲು ಬಫರ್ ನೋಡಿಕೊಳ್ಳಿ

ಮಂಗಳೂರಿನ ಹೊರಗೆ ಒಂದು ರಿಸರ್ಚ್ ಲ್ಯಾಬ್‌ನಲ್ಲಿ ನನ್ನ ಕೆಲಸ. ಕರುಳಿನ ಒಳಪದರ ಯಾಕೆ ಸೋರುತ್ತದೆ ಅನ್ನೋದು ನಮ್ಮ ಗುಂಪಿನ ವಿಷಯ. ಕಳೆದ ಜೂನ್‌ನಲ್ಲಿ ಮೂರು ವಾರ ನಾನು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದೆ. ಈ ಪ್ರೋಟೀನ್ ಜೊತೆ ಹೊಸದಾಗಿ ಕೆಲಸ ಶುರು ಮಾಡುವವರಿಗೆ ಹಾಗಾಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ಪ್ರೋಟೀನ್ ಹೆಸರು ಕ್ಲಾಡಿನ್-4. ನಮ್ಮೂರಿನ ಹಂಚಿನ ಮಾಡು ನೋಡಿದ್ದೀರಲ್ವಾ? ಒಂದು ಹಂಚಿನ ಅಂಚು ಪಕ್ಕದ ಹಂಚಿನ ತಗ್ಗಿನೊಳಗೆ ಸರಿಯಾಗಿ ಕೂತರೆ ಮಾತ್ರ ಮಳೆ ನೀರು ಒಳಗೆ ಬರುವುದಿಲ್ಲ. ಕರುಳು, ಚರ್ಮದ ಜೀವಕೋಶಗಳ ನಡುವಿನ ಸಂದನ್ನು ಹಾಗೆ ಮುಚ್ಚುವ ಪ್ರೋಟೀನ್‌ಗಳ ಕುಟುಂಬವೇ ಕ್ಲಾಡಿನ್. 1998ರಲ್ಲಿ ಜಪಾನಿನ ತ್ಸುಕಿತಾ, ಫುರುಸೆ ಮತ್ತು ಅವರ ಜೊತೆಯವರು ಮೊದಲ ಎರಡನ್ನು ಕಂಡುಹಿಡಿದರು. ಕ್ಲಾಡಿನ್-1 ಇಲ್ಲದೆ ಹುಟ್ಟಿದ ಇಲಿಮರಿಗಳು ಚರ್ಮದಿಂದಲೇ ನೀರು ಕಳೆದುಕೊಂಡು ಒಂದು ದಿನದೊಳಗೆ ಸಾಯುತ್ತವೆ ಅಂತ 2002ರಲ್ಲಿ ಅದೇ ತಂಡ ತೋರಿಸಿತು. ಅದನ್ನು ಓದಿದ ದಿನ ನನಗೆ ರಾತ್ರಿ ಸರಿ ನಿದ್ದೆ ಬಂದಿರಲಿಲ್ಲ.

ನಮಗೆ ಜೀವಕೋಶಗಳಲ್ಲಿ ಕ್ಲಾಡಿನ್-4 ಎಷ್ಟಿದೆ ಅಂತ ಎಲೈಸಾದಲ್ಲಿ, ಅಂದರೆ ಆಂಟಿಬಾಡಿಯಿಂದ ಪ್ರೋಟೀನನ್ನು ಹಿಡಿದು ಅಳೆಯುವ ಪರೀಕ್ಷೆಯಲ್ಲಿ, ಅಳೆಯಬೇಕಿತ್ತು. ಅದಕ್ಕೆ ಸ್ಟ್ಯಾಂಡರ್ಡ್, ಅಂದರೆ ಹೋಲಿಸಿ ನೋಡಲು ಪ್ರಮಾಣ ಗೊತ್ತಿರುವ ಪ್ರೋಟೀನ್ ಬೇಕಲ್ಲ, ಹಾಗಾಗಿ ರೀಕಾಂಬಿನೆಂಟ್ (ಜೀನ್ ಸೇರಿಸಿ ಲ್ಯಾಬ್‌ನಲ್ಲಿ ತಯಾರಿಸಿದ) ಮಾನವ ಕ್ಲಾಡಿನ್-4 ತರಿಸಿದೆವು. ಥರ್ಮಾಕೋಲ್ ಡಬ್ಬಿ, ಡ್ರೈ ಐಸ್, ಒಳಗೆ ಒಂದು ಸಣ್ಣ ವಯಲ್. ಇದ್ದದ್ದು 10 ಮೈಕ್ರೋಗ್ರಾಂ, ಅಂದರೆ ಪುಡಿ ಉಪ್ಪಿನ ಒಂದು ಹರಳಿಗಿಂತಲೂ ಕಡಿಮೆ.

ಬೇರೆ ಪ್ರೋಟೀನ್‌ಗಳಿಗೆ ಮಾಡುವ ಹಾಗೆಯೇ ಪಿಬಿಎಸ್ ಅನ್ನುವ ಉಪ್ಪಿನ ಬಫರ್ ದ್ರಾವಣದಲ್ಲಿ ಡೈಲ್ಯೂಟ್ ಮಾಡಿದೆ. ಪ್ಲೇಟ್ ಓದಿದರೆ ಎಲ್ಲಾ ಬಾವಿಗಳೂ (ಪ್ಲೇಟಿನಲ್ಲಿ ದ್ರವ ಹಾಕುವ ಸಣ್ಣ ಗುಳಿಗಳು) ಒಂದೇ ತರ, ಖಾಲಿ ಬಾವಿಗೂ ಸ್ಟ್ಯಾಂಡರ್ಡ್‌ಗೂ ವ್ಯತ್ಯಾಸವೇ ಇಲ್ಲ. ಆಂಟಿಬಾಡಿ ಹಾಳಾಗಿರಬೇಕು ಅಂತ ಬದಲಾಯಿಸಿದೆ, ಇನ್‌ಕ್ಯುಬೇಶನ್ ಜಾಸ್ತಿ ಮಾಡಿದೆ, ಮಳೆಗಾಲದ ಕರೆಂಟ್ ಹೋಗಿ ಬರುವುದರಿಂದ ಫ್ರೀಜರ್‌ನಲ್ಲಿ ಏನೋ ಆಗಿರಬೇಕು ಅಂತ ಅಂದುಕೊಂಡು ಎರಡು ದಿನ ಅದರ ಟೆಂಪರೇಚರ್ ಬರೆದಿಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ನಮ್ಮ ಲ್ಯಾಬಿನ ಮೇಡಂ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ.

"ಡೈಲ್ಯೂಟ್ ಮಾಡಿದ್ದು ಎಂತದರಲ್ಲಿ?"

"ಪಿಬಿಎಸ್, ಮೇಡಂ."

"ಬರೀ ಪಿಬಿಎಸ್ಸಾ? ವಯಲ್ ಜೊತೆ ಬಂದ ಪೇಪರ್ ಎಲ್ಲುಂಟು? ತಕೊಂಡು ಬಾ."

ಪೇಪರ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಫರ್‌ನಲ್ಲಿ 0.02% ಡಿಡಿಎಂ. ಅದೊಂದು ಡಿಟರ್ಜೆಂಟ್. ಕ್ಲಾಡಿನ್ ಜೀವಕೋಶದ ಪೊರೆಯನ್ನು ನಾಲ್ಕು ಸಲ ದಾಟಿ ಹೋಗುವ ಪ್ರೋಟೀನ್, ಆ ನಾಲ್ಕು ಭಾಗಗಳಿಗೆ ನೀರು ಕಂಡರೆ ಆಗುವುದಿಲ್ಲ. ಪೊರೆಯಿಂದ ಹೊರಗೆ ತೆಗೆದ ಮೇಲೆ ಡಿಡಿಎಂ ಕಣಗಳು ಗುಂಪಾಗಿ ಅದರ ಸುತ್ತ ನಿಂತು ಕಾಪಾಡುತ್ತವೆ. ಆದರೆ ಹಾಗೆ ಗುಂಪಾಗಬೇಕಾದರೆ ಡಿಡಿಎಂ ಸುಮಾರು 0.009%ಕ್ಕಿಂತ ಜಾಸ್ತಿ ಇರಬೇಕು. ನಾನು ಮೊದಲ ಟ್ಯೂಬ್‌ನಲ್ಲೇ 50 ಪಟ್ಟು ಡೈಲ್ಯೂಟ್ ಮಾಡಿದ್ದೆ, ಉಳಿದದ್ದು 0.0004%. ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು, ಟ್ಯೂಬಿನ ಗೋಡೆಗೆ ಹಿಡಿದು, ಆಂಟಿಬಾಡಿ ಕೈಗೆ ಸಿಗದ ಹಾಗೆ ಆಗಿತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ, ದ್ರವ ತಿಳಿಯಾಗಿಯೇ ಇರುತ್ತದೆ. ಅದೇ ಕಷ್ಟ.

ಇದಲ್ಲದೆ ಇನ್ನೊಂದು ತಪ್ಪು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯಲ್ಲಿ. ಎಲ್ಲಾ ಸ್ಯಾಂಪಲ್‌ಗಳನ್ನು ಕುದಿಸುವ ಹಾಗೆ ಇದನ್ನೂ 95 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟಿದ್ದೆ. ಇಂಥ ಪೊರೆಯ ಪ್ರೋಟೀನ್ ಕುದಿಸಿದರೆ ಎಷ್ಟೋ ಸಲ ಮುದ್ದೆಯಾಗಿ ಜೆಲ್‌ನ ಬಾಯಲ್ಲೇ ಕೂತುಬಿಡುತ್ತದೆ, ಒಳಗೆ ಇಳಿಯುವುದೇ ಇಲ್ಲ. ಸುಮ್ನೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕಾಗಿತ್ತು.

ಈಗ ವಯಲ್ ಬಂದ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡುತ್ತೇನೆ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವುದಿಲ್ಲ. ಪ್ರೋಟೀನ್ ಅಂಟದ ಟ್ಯೂಬ್ ಬಳಸುತ್ತೇನೆ. ಡೈಲ್ಯೂಟ್ ಮಾಡುವ ಪಿಬಿಎಸ್‌ಗೂ 0.02% ಡಿಡಿಎಂ ಹಾಕುತ್ತೇನೆ, ಜೀವಕೋಶದ ಸ್ಯಾಂಪಲ್‌ಗೂ ಅದೇ ಬಫರ್, ಇಲ್ಲದಿದ್ದರೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಡಿಟರ್ಜೆಂಟ್ ಅಂತ ಎಸ್‌ಡಿಎಸ್ ಹಾಕಬೇಡಿ, ಅದು ಪ್ರೋಟೀನ್‌ನ ಆಕಾರವನ್ನೇ ಬಿಡಿಸಿಬಿಡುತ್ತದೆ.

ಹೊಸ ವಯಲ್‌ನಲ್ಲಿ ಮೊದಲ ಸಲವೇ ಸ್ಟ್ಯಾಂಡರ್ಡ್ ಕರ್ವ್ ಚೆನ್ನಾಗಿ ಏರಿತು. ಬ್ಲಾಟ್‌ನಲ್ಲಿ 22 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ, ಕ್ಲಾಡಿನ್-4 ಇರಬೇಕಾದ ಜಾಗದಲ್ಲೇ, ಗಟ್ಟಿ ಬ್ಯಾಂಡ್ ಬಂತು. ಅದರ ಮೇಲೆ, ಹೆಚ್ಚುಕಡಿಮೆ ಎರಡರಷ್ಟು ತೂಕದ ಜಾಗದಲ್ಲಿ, ಇನ್ನೊಂದು ಮಸುಕು ಬ್ಯಾಂಡ್ ಉಂಟು. ಎರಡು ಕ್ಲಾಡಿನ್ ಜೋಡಿಯಾಗಿ ಓಡಿದ್ದಿರಬೇಕು ಅಂತ ಮೇಡಂ ಹೇಳುತ್ತಾರೆ. ಬರುವ ವಾರ ಪ್ರೋಟೀನ್‌ಗಳ ನಡುವಿನ ಗಂಧಕದ ಬಂಧ ಬಿಡಿಸುವ ಡಿಟಿಟಿಯನ್ನು ಜಾಸ್ತಿ ಹಾಕಿ ಇನ್ನೊಂದು ಜೆಲ್ ಓಡಿಸುತ್ತೇನೆ.