ಲೆಕ್ಕದ ಪುಸ್ತಕ ಹಿಡಿದು ಜೆ.ಸಿ. ನಗರಕ್ಕೆ

ದೊಡ್ಡಬಳ್ಳಾಪುರದ ಬಸ್ಸು ಮೇಖ್ರಿ ವೃತ್ತದಲ್ಲಿ ಇಳಿಸಿದಾಗ ಒಂಬತ್ತೂವರೆ. ಚೀಲದಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಪುಸ್ತಕವಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಮುತ್ತಾತನ ಡೈರಿ ಎನ್ನುತ್ತಾರೆ. ಬರೆದವರು ಮಾತ್ರ ಮುತ್ತಾತನ ಅಪ್ಪ, ಬರೆದದ್ದು ದಿನದಿನದ ಖರ್ಚು. ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನ ಒಬ್ಬ ಸವಾರ; ಅದು ಮೈಸೂರು ಸಂಸ್ಥಾನದ ಕುದುರೆ ಪಡೆ. 1914ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ರಿಸಾಲೆಯ ಜೊತೆ ಈಜಿಪ್ಟಿಗೆ ಹೋದವರು.

ಬಿಸಿಲು ಏರುವ ಮೊದಲೇ ಜೆ.ಸಿ. ನಗರದ ಸ್ಮಾರಕ ಸೇರಿದೆ. ಸುತ್ತ ವಾಹನಗಳ ಗದ್ದಲ, ನಡುವೆ ಕಲ್ಲಿನ ಸ್ತಂಭ. ಮೊದಲ ಮಹಾಯುದ್ಧದಲ್ಲಿ ಮಡಿದ ಲ್ಯಾನ್ಸರ್‌ಗಳಿಗಾಗಿ ನಿಲ್ಲಿಸಿದ್ದು. ಮುತ್ತಾತ ಬದುಕಿ ಬಂದವರು, ಹಾಗಾಗಿ ಅವರ ಹೆಸರು ಇಲ್ಲಿ ಇರುವುದಿಲ್ಲವೆಂದು ಗೊತ್ತಿದ್ದೇ ಬಂದಿದ್ದೆ.

ಕಟ್ಟೆಯ ನೆರಳಿನಲ್ಲಿ ಕುಳಿತು ಪುಸ್ತಕ ಬಿಚ್ಚಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧ್‌ಪುರ ಮತ್ತು ಹೈದರಾಬಾದ್ ಲ್ಯಾನ್ಸರ್‌ಗಳಿದ್ದ ದಳ ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ನಮ್ಮವರು ಈಟಿ ಹಿಡಿದು ಏರಿದರು. ಎದುರಿಗೆ ಮೆಷಿನ್ ಗನ್! ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರ ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಪಡೆಗಳ ನೆನಪಿಗೇ ನಿಂತಿರುವುದು.

ಊರಿನಲ್ಲಿ ಅಂದು ಪಿತೃಪಕ್ಷ. ಲೆಕ್ಕದಲ್ಲಿ ‘ಕಾಳಯುಕ್ತಿ ಸಂ. ಭಾದ್ರಪದ ಬಹುಳ’ ಎಂದು ಬರೆದು ಕೆಳಗೆ ಎಳ್ಳು, ಬಾಳೆಎಲೆ, ಅಕ್ಕಿ ಎರಡು ಸೇರು. ಪಕ್ಕದಲ್ಲಿ ‘ಮಿಸರದಿಂದ ಕಾಗದವಿಲ್ಲ’. ಮಿಸರ ಅಂದರೆ ಈಜಿಪ್ಟ್. ಮಗ ಅದಾಗಲೇ ಪ್ಯಾಲೆಸ್ಟೈನ್‌ನಲ್ಲಿದ್ದನೆಂಬುದು ಅಪ್ಪನಿಗೆ ಗೊತ್ತಿರಲಿಲ್ಲವೋ ಏನೋ.

ಪುಟ ತಿರುಗಿಸಿದರೆ ಆಶ್ವೀಜ. ಆ ವರ್ಷ ಇನ್‌ಫ್ಲುಯೆಂಜಾ ಬೆಂಗಳೂರನ್ನೂ ಸುತ್ತಲಿನ ಊರುಗಳನ್ನೂ ಹೊಕ್ಕಿತ್ತು. ಶುಂಠಿ, ಮೆಣಸು, ಗಂಜಿಗೆ ನುಚ್ಚು. ಆಮೇಲೆ ‘ಸೌದೆ 1 ಗಾಡಿ’. ಎರಡು ದಿನ ಬಿಟ್ಟು ಮತ್ತೆ ‘ಸೌದೆ ½ ಗಾಡಿ’. ಮೊದಲ ಗಾಡಿ ಮುತ್ತಾತನ ಹೆಂಡತಿಗೆ, ಅರ್ಧ ಗಾಡಿ ಅವರ ಏಳು ವರ್ಷದ ಮಗನಿಗೆ. ನಾವೆಲ್ಲ ಎರಡನೆಯ ಮದುವೆಯ ಸಂತಾನ. ಆ ಅರ್ಧದ ಮೇಲೆ ಮಸಿ ಕದಡಿದೆ. ನೀರು ತಾಗಿರಬೇಕು ಎಂದು ನನ್ನ ಅತ್ತೆ ಹೇಳುತ್ತಿದ್ದರು.

ಯುದ್ಧಕ್ಕೆ ಹೋಗಿದ್ದ ಮಗನಿಗೆ ಈ ಸುದ್ದಿ ಬರೆದರೋ ಇಲ್ಲವೋ, ಅಂಚೆಯ ಖರ್ಚು ಎಲ್ಲೂ ಕಾಣುವುದಿಲ್ಲ. 1920ರ ಒಂದು ಪುಟದಲ್ಲಿ ‘ಚಿ. ಬಂದ. ಕ್ಷೌರ 1 ಆಣೆ. ಹರಳೆಣ್ಣೆ 2 ಆಣೆ’. ಅದರ ಕೆಳಗೆ ಎಳ್ಳು, ದರ್ಭೆ.

ಬಿಸಿಲು ಕಟ್ಟೆಯವರೆಗೂ ಬಂದಿತ್ತು. ಪುಸ್ತಕ ಸುತ್ತಿಕೊಂಡು ಬಸ್ಸಿಗೆ ನಡೆದೆ.