ಸಹಿಯ ಕೆಳಗಿನ ಹುದ್ದೆ

26 ಜನವರಿ 2025, ಭಾನುವಾರ

ಗಣರಾಜ್ಯೋತ್ಸವದ ದಿನವೇ ಅಂತರರಾಷ್ಟ್ರೀಯ ಕಸ್ಟಮ್ಸ್ ದಿನ. ಈಗಿನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಮೊದಲ ಸಭೆ ಬ್ರಸೆಲ್ಸ್‌ನಲ್ಲಿ ಸೇರಿದ್ದು 1953ರ ಜನವರಿ 26ರಂದು. ನಮ್ಮ ಇಲಾಖೆಯ ಧ್ಯೇಯವಾಕ್ಯ ‘ದೇಶಸೇವಾರ್ಥ ಕರಸಂಚಯ’. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಿದೆ. ಕಸ್ಟಮ್ಸ್‌ನಲ್ಲಿ ಹೇಳಿಕೊಳ್ಳಲು ಜಾಗಗಳಿವೆ, ಆದರೆ ಯಾವುದನ್ನು ಯಾರಿಗೆ ಎಂಬುದು ಹುದ್ದೆಯ ಮೇಲೆ ನಿಂತಿದೆ. ಬಿಳಿ ಸಮವಸ್ತ್ರದಲ್ಲಿ ಎಲ್ಲರೂ ಒಂದೇ ಥರ ಕಾಣುವುದರಿಂದ ಜನ ಎಡವುವುದು ಇಲ್ಲೇ.

ಕೆಳಗಿನಿಂದ ಹೇಳುವುದಾದರೆ: ಕಳ್ಳಸಾಗಣೆ ತಡೆಯುವ ಪ್ರಿವೆಂಟಿವ್ ಆಫೀಸರ್ ಮತ್ತು ಸರಕು ಪರೀಕ್ಷಿಸುವ ಎಕ್ಸಾಮಿನರ್, ಅವರ ಮೇಲೆ ಸೂಪರಿಂಟೆಂಡೆಂಟ್ ಮತ್ತು ಸರಕಿನ ಮೌಲ್ಯ, ಸುಂಕ ನಿರ್ಧರಿಸುವ ಅಪ್ರೈಸರ್. ಆಮೇಲೆ ಅಸಿಸ್ಟೆಂಟ್, ಡೆಪ್ಯುಟಿ, ಜಾಯಿಂಟ್, ಅಡಿಷನಲ್ ಕಮಿಷನರ್. ಅದರಾಚೆ ಕಮಿಷನರ್, ಪ್ರಿನ್ಸಿಪಲ್ ಕಮಿಷನರ್, ಚೀಫ್ ಕಮಿಷನರ್. 1995ರವರೆಗೆ ಕಮಿಷನರ್‌ಗೆ ‘ಕಲೆಕ್ಟರ್’ ಎಂದೇ ಹೆಸರಿತ್ತು. ಹಳೆಯ ತೀರ್ಪು ಓದುವಾಗ ಜಿಲ್ಲಾಧಿಕಾರಿ ಎಂದುಕೊಳ್ಳಬೇಡಿ.

ಗೆಜೆಟೆಡ್ ಗೆರೆ ಬೀಳುವುದು ಸೂಪರಿಂಟೆಂಡೆಂಟ್, ಅಪ್ರೈಸರ್ ಮಟ್ಟದಲ್ಲಿ. 1962ರ ಕಸ್ಟಮ್ಸ್ ಕಾಯ್ದೆಯ 108ನೇ ಸೆಕ್ಷನ್ ಅಡಿ ಸಮನ್ಸ್ ಕೊಡುವ ಅಧಿಕಾರ ಗೆಜೆಟೆಡ್ ಅಧಿಕಾರಿಗೆ ಮಾತ್ರ. ಮೈ ಶೋಧನೆಗೆ ಮುಂದಾದಾಗ ‘ಮೊದಲು ಗೆಜೆಟೆಡ್ ಅಧಿಕಾರಿಯ ಮುಂದೆ ಕರೆದೊಯ್ಯಿರಿ’ ಎಂದು ಕೇಳುವ ಹಕ್ಕು 102ನೇ ಸೆಕ್ಷನ್‌ನಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ಎಂದೂ ಕೇಳಬಹುದು. ಶೋಧನೆಗೆ ಕಾರಣವಿಲ್ಲ ಎಂದು ಅವರಿಗೆ ಕಂಡರೆ ಅಲ್ಲೇ ಬಿಟ್ಟು ಕಳಿಸಬೇಕು. ಮಹಿಳೆಯನ್ನು ಶೋಧಿಸುವುದು ಮಹಿಳೆಯೇ. ಸಾಕ್ಷಿಗಳು ಕನಿಷ್ಠ ಇಬ್ಬರು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಅವರ ಸಹಿ.

ಅತಿ ಹೆಚ್ಚು ತಪ್ಪಾಗುವುದು ಮೇಲ್ಮನವಿಯಲ್ಲಿ. ಕಮಿಷನರ್‌ಗಿಂತ ಕೆಳಗಿನವರ ಆದೇಶವಾದರೆ ಕಮಿಷನರ್ (ಅಪೀಲ್ಸ್) ಮುಂದೆ 60 ದಿನದೊಳಗೆ ಹೋಗಬೇಕು. ಸರಿಯಾದ ಕಾರಣವಿದ್ದರೆ ಇನ್ನೂ 30 ದಿನ ಸಿಗಬಹುದು. 91ನೇ ದಿನ ಒಪ್ಪಿಕೊಳ್ಳಲು ಅವರಿಗೂ ಅಧಿಕಾರವಿಲ್ಲ. ಕಮಿಷನರ್ ತಾವೇ ಕೊಟ್ಟ ಆದೇಶಕ್ಕೆ ಟ್ರಿಬ್ಯುನಲ್, ಅಂದರೆ ಮೇಲ್ಮನವಿ ನ್ಯಾಯಮಂಡಳಿ; ಅಲ್ಲಿಗೆ 3 ತಿಂಗಳ ಗಡುವು. ಅಡಿಷನಲ್ ಕಮಿಷನರ್ ಸಹಿ ಹಾಕಿದ್ದರೆ? ಕಾಯ್ದೆಯ 2(8) ವ್ಯಾಖ್ಯೆಯಲ್ಲಿ ‘ಕಮಿಷನರ್’ ಎಂದರೆ ಅಡಿಷನಲ್ ಕಮಿಷನರೂ ಸೇರುತ್ತಾರೆ. ಅದನ್ನು ಅರ್ಧ ಓದಿ ಟ್ರಿಬ್ಯುನಲ್‌ಗೆ ಓಡುವವರಿದ್ದಾರೆ. ಮೇಲ್ಮನವಿಯ 15ನೇ ಅಧ್ಯಾಯಕ್ಕೆ ಇದು ಅನ್ವಯಿಸದು ಎಂದು ಅದೇ ವಾಕ್ಯದಲ್ಲಿದೆ. ಹೋಗಬೇಕಾದ್ದು ಕಮಿಷನರ್ (ಅಪೀಲ್ಸ್) ಬಳಿಗೇ. ತಪ್ಪು ಬಾಗಿಲಲ್ಲಿ ನಿಂತಿರುವಾಗಲೂ ದಿನಗಳು ಓಡುತ್ತಿರುತ್ತವೆ.

ಬ್ಯಾಗೇಜಿನಲ್ಲಿ ತಂದ ಚಿನ್ನದ ಪ್ರಕರಣಕ್ಕೆ ದಾರಿ ಬೇರೆ. ಕಮಿಷನರ್ (ಅಪೀಲ್ಸ್) ಆದೇಶದ ಮೇಲೆ ಟ್ರಿಬ್ಯುನಲ್ ಇಲ್ಲ. ಕಾಯ್ದೆಯ 129ಡಿಡಿ ಸೆಕ್ಷನ್ ಅಡಿ ಕೇಂದ್ರ ಸರ್ಕಾರಕ್ಕೆ ಪುನರ್‌ಪರಿಶೀಲನಾ ಅರ್ಜಿ.

ಆದೇಶ ಕೈಗೆ ಬಂದ ತಾರೀಖನ್ನು ಲಕೋಟೆಯ ಮೇಲೇ ಬರೆದು, ಲಕೋಟೆ ಸಮೇತ ಎತ್ತಿಡಿ. 60 ದಿನದ ಲೆಕ್ಕ ಶುರುವಾಗುವುದು ಅಂದಿನಿಂದ, ಆದೇಶದ ಮೇಲಿನ ತಾರೀಖಿನಿಂದಲ್ಲ.